ಆನೆಕಾಲು ರೋಗದ ಔಷಧಕ್ಕಾಗಿ ಇಲಿಗೆ ಕೇಳುವ ಪ್ರಶ್ನೆ

(ಕಲಬುರಗಿಯಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸವನ್ನು ಓದಿಗೆ ಒಗ್ಗುವಂತೆ ಅಲ್ಲಲ್ಲಿ ತಿದ್ದಿ ಬರೆದದ್ದು.)

ಸಭೆಯಲ್ಲಿರುವ ಹಿರಿಯರಿಗೂ ವಿದ್ಯಾರ್ಥಿ ಮಿತ್ರರಿಗೂ ನಮಸ್ಕಾರ. ನಾನು ಪಶುವೈದ್ಯ; ಅದರಲ್ಲೂ ಪರೋಪಜೀವಿಗಳ ಪಾಠ ಹೇಳಿ ಬೀದರಿನಲ್ಲಿ ನಿವೃತ್ತನಾದವನು. ಮನುಷ್ಯರಿಗೆ ಬರುವ ಆನೆಕಾಲು ರೋಗದ ಬಗ್ಗೆ ದನದ ಡಾಕ್ಟರನೊಬ್ಬ ಏನು ಹೇಳಬಲ್ಲ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬೇಕು. ಆದರೆ ಈ ರೋಗಕ್ಕೆ ಇಂದು ಬಳಕೆಯಲ್ಲಿರುವ ಮೂರು ಔಷಧಗಳಲ್ಲಿ ಎರಡು, ಅಂದರೆ ಆಲ್ಬೆಂಡಜೋಲ್ ಮತ್ತು ಐವರ್ಮೆಕ್ಟಿನ್, ಮೊದಲು ದನ ಕುರಿಗಳ ಹುಳುವಿನ ಮದ್ದಾಗಿ ಪೇಟೆಗೆ ಬಂದು ಆಮೇಲೆ ಮನುಷ್ಯರ ಕೈಸೇರಿದವು. ಮೂರನೆಯದಾದ ಡಿಇಸಿ, ಪೂರ್ತಿ ಹೆಸರು ಡೈಈಥೈಲ್ ಕಾರ್ಬಮಜೀನ್, ಒಂದು ಜಾತಿಯ ಇಲಿಯಲ್ಲಿ ಮತ್ತು ನಾಯಿಯಲ್ಲಿ ತನ್ನ ಗುಣವನ್ನು ಮೊದಲು ತೋರಿಸಿತು. ಆದ್ದರಿಂದ ಈ ವಿಷಯದಲ್ಲಿ ನಮ್ಮ ಕಸುಬಿನವರಿಗೂ ಒಂದು ಪಾಲಿದೆ.

ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ನಾನು ನಸುಕಿನಲ್ಲೇ ಕಸಾಯಿಖಾನೆಗೆ ಹೋಗುತ್ತಿದ್ದೆ. ಕೈಯಲ್ಲಿ ಚಹಾದ ಥರ್ಮಾಸ್ ಫ್ಲಾಸ್ಕು, ಅದರೊಳಗೆ ಬೆಚ್ಚನೆಯ ಉಪ್ಪುನೀರಿನ ದ್ರಾವಣ. ಎಮ್ಮೆಯ ಹೊಟ್ಟೆ ಸೀಳಿದಾಗ ಕರುಳಿನ ಹೊರಗೆ, ಉದರದ ಪೊರೆಯ ಮೇಲೆ, ಬಿಳಿ ನೂಲಿನೆಳೆಗಳಂತೆ ಹೊರಳಾಡುವ ಹುಳುಗಳು ಆಗಾಗ ಕಾಣುತ್ತವೆ. ಅವುಗಳ ಹೆಸರು ಸೆಟೇರಿಯಾ. ಆನೆಕಾಲು ತರುವ ಹುಳುವಿನ ದಾಯಾದಿಗಳು. ಎಮ್ಮೆಗೆ ಅವುಗಳಿಂದ ಹೇಳಿಕೊಳ್ಳುವಂಥ ತೊಂದರೆಯಿಲ್ಲ, ಕಸಾಯಿಯವನಿಗೆ ಅವು ಕಸ, ನನಗೆ ಮಾತ್ರ ಬೇಕಾದ ಸರಕು. "ಸಾಹೇಬ್ರ, ಈ ಹುಳ ಒಯ್ದು ಏನ್ ಮಾಡ್ತೀರಿ?" ಎಂದು ಅವನು ಕೇಳುತ್ತಿದ್ದ. ಅವುಗಳನ್ನು ಪ್ರಯೋಗಾಲಯಕ್ಕೆ ಒಯ್ದು, 37 ಡಿಗ್ರಿ ಶಾಖದಲ್ಲಿ ಗಾಜಿನ ತಟ್ಟೆಯ ಪೋಷಕ ದ್ರವದಲ್ಲಿಟ್ಟು, ಅದಕ್ಕೆ ಹೊಸ ರಾಸಾಯನಿಕವನ್ನು ಅಳತೆಮಾಡಿ ಬೆರೆಸಿ, ಹುಳು ಹೊರಳುವುದನ್ನು ಯಾವಾಗ ನಿಲ್ಲಿಸುತ್ತದೆ ಎಂದು ನೋಡುವುದು ನನ್ನ ಕೆಲಸವಾಗಿತ್ತು. ಹೊರಳಾಟ ನಿಂತ ಮಾತ್ರಕ್ಕೆ ಹುಳು ಸತ್ತಿತೆಂದಲ್ಲ, ಮಂಕಾಗಿ ಬಿದ್ದಿರಲೂಬಹುದು; ಅದಕ್ಕಾಗಿ ಎಂಟಿಟಿ ಎಂಬ ಹಳದಿ ಬಣ್ಣದ ವಸ್ತುವನ್ನು ಬಳಸುತ್ತೇವೆ. ಜೀವವಿರುವ ಅಂಗಾಂಶ ಅದನ್ನು ನೇರಳೆಗೆ ತಿರುಗಿಸುತ್ತದೆ, ಸತ್ತದ್ದು ತಿರುಗಿಸುವುದಿಲ್ಲ.

ಇಷ್ಟು ಸುಲಭವಾದ ಪರೀಕ್ಷೆ ಇರುವಾಗ ಇಲಿಗಳನ್ನು ಏಕೆ ಕೂಡಿಹಾಕಬೇಕು, ಏಕೆ ಕೊಲ್ಲಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ನನ್ನ ಇವತ್ತಿನ ಮಾತೆಲ್ಲ ಅದಕ್ಕೆ ಉತ್ತರ ಕೊಡುವ ಪ್ರಯತ್ನ. ಆ ಉತ್ತರವೂ ಪೂರ್ತಿ ಸಮಾಧಾನ ಕೊಡುವಂಥದ್ದಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ರೋಗದ ಪರಿಚಯ ಈ ಭಾಗದವರಿಗೆ ಹೆಚ್ಚು ಬೇಕಾಗಿಲ್ಲ. ಕಲಬುರಗಿ, ಯಾದಗಿರಿ, ಬೀದರ್ ಮೂರೂ ಜಿಲ್ಲೆಗಳು ಇದನ್ನು ಬಹಳ ಕಾಲದಿಂದ ಕಂಡಿವೆ. ಕಾರಣ ವುಚೆರೇರಿಯಾ ಬ್ಯಾಂಕ್ರಾಫ್ಟಿ ಎಂಬ ಹುಳು. ಅದನ್ನು ಹೊತ್ತು ತರುವುದು ನಮ್ಮ ಚರಂಡಿಯ ಕೊಳೆನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ. ಹೆಣ್ಣು ಹುಳು ಎಂಟರಿಂದ ಹತ್ತು ಸೆಂಟಿಮೀಟರ್ ಉದ್ದ, ದಾರದಷ್ಟು ತೆಳು. ದುಗ್ಧನಾಳಗಳಲ್ಲಿ, ಅಂದರೆ ಅಂಗಾಂಶಗಳ ನಡುವಿನ ದ್ರವವನ್ನು ರಕ್ತಕ್ಕೆ ಮರಳಿಸುವ ನಾಳಗಳಲ್ಲಿ, ನೆಲೆಸಿ ಐದಾರು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬದುಕುತ್ತದೆ. ಅದು ಹಾಕುವ ಮರಿಗಳು, ಅಂದರೆ ಮೈಕ್ರೊಫೈಲೇರಿಯಾಗಳು, ರಾತ್ರಿ ಹತ್ತರಿಂದ ಎರಡರ ನಡುವೆ ಚರ್ಮದ ಬಳಿಯ ರಕ್ತಕ್ಕೆ ಬಂದು ಹಗಲಿನಲ್ಲಿ ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿರುತ್ತವೆ. ಆರೋಗ್ಯ ಇಲಾಖೆಯವರು ರಾತ್ರಿ ಹೊತ್ತಿನಲ್ಲಿ ಬಾಗಿಲು ಬಡಿದು ರಕ್ತ ತೆಗೆಯುವುದು ಇದೇ ಕಾರಣಕ್ಕೆ. ಮನುಷ್ಯನ ರಕ್ತದಲ್ಲಿ ಈ ಮರಿಗಳನ್ನು 1872ರಲ್ಲಿ ಟಿಮೊಥಿ ಲೂಯಿಸ್ ಕಂಡದ್ದು ನಮ್ಮ ಕಲ್ಕತ್ತೆಯಲ್ಲಿ. ಅವು ಸೊಳ್ಳೆಯೊಳಗೆ ಬೆಳೆಯುತ್ತವೆ ಎಂದು ಪ್ಯಾಟ್ರಿಕ್ ಮ್ಯಾನ್ಸನ್ ಚೀನಾದಲ್ಲಿ ಕಂಡುಕೊಂಡದ್ದು 1877ರಲ್ಲಿ.

ಔಷಧ ಹುಡುಕುವವನಿಗೆ ಎದುರಾಗುವ ಮೊದಲ ಗೋಡೆಯೆಂದರೆ ಈ ವುಚೆರೇರಿಯಾ ಹುಳು ಮನುಷ್ಯನನ್ನು ಬಿಟ್ಟು ಬೇರೆಡೆ ಸಂಸಾರ ಹೂಡುವುದಿಲ್ಲ. ಕೆಲವು ಜಾತಿಯ ಕೋತಿಗಳಲ್ಲಿ ಕಷ್ಟಪಟ್ಟು ಬೆಳೆಸಿದವರುಂಟು. ಆದರೆ ಇಲಿ, ಮೊಲ, ಗಿನಿಯಿಲಿ ಯಾವುದರಲ್ಲೂ ಅದನ್ನು ಪ್ರಯೋಗಕ್ಕೆ ಒದಗುವಂತೆ ಬೆಳೆಸಲಾಗಿಲ್ಲ. ಹೀಗಾಗಿ ನಾವು ಬದಲಿ ಹುಳುವನ್ನು ಬದಲಿ ಪ್ರಾಣಿಯಲ್ಲಿ ಹಾಕಿ ಪರೀಕ್ಷಿಸುತ್ತೇವೆ. ಹೆಚ್ಚು ಬಳಕೆಯಲ್ಲಿರುವುದು ಬ್ರುಗಿಯಾ ಮಲಾಯಿ. ಇದೂ ಮನುಷ್ಯನಿಗೆ ಆನೆಕಾಲು ತರುತ್ತದೆ. ನಮ್ಮ ದೇಶದಲ್ಲಿ ಕೇರಳದ ಚೇರ್ತಲ ಭಾಗ ಇದಕ್ಕೆ ಹೆಸರಾಗಿತ್ತು. ಇದರ ಒಂದು ತಳಿ ಬೆಕ್ಕು, ಕೋತಿಗಳಲ್ಲೂ ಬಾಳುವಷ್ಟು ಉದಾರಿ. ಅದನ್ನು ಮಂಗೋಲಿಯದ ಜರ್ಬಿಲ್ ಎಂಬ ಮರುಭೂಮಿಯ ಇಲಿಯಲ್ಲಿ ಬೆಳೆಸಬಹುದೆಂದು 1970ರಲ್ಲಿ ತಿಳಿಯಿತು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಮ್ಯಾಸ್ಟೊಮಿಸ್ ಎಂಬ ಆಫ್ರಿಕದ ಇಲಿಯನ್ನು ಇದೇ ಕೆಲಸಕ್ಕೆ ದಶಕಗಳ ಕಾಲ ಬಳಸಿದ್ದಾರೆ. ಹುಳುವೂ ಬೇರೆ, ಮನೆಯೂ ಬೇರೆ. ಸಿಗುವ ಉತ್ತರವನ್ನು ಮಾತ್ರ ನಮ್ಮ ಊರಿನ ಮನುಷ್ಯನಿಗೆ ಹೊಂದಿಸಿಕೊಳ್ಳಬೇಕು.

ಈಗ ಡಿಇಸಿಯ ಕಥೆಗೆ ಬರುತ್ತೇನೆ. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹೋದ ಅಮೆರಿಕದ ಸೈನಿಕರಿಗೆ ಫೈಲೇರಿಯಾ, ಅಂದರೆ ಆನೆಕಾಲು ಹುಳುವಿನ ಬಳಗದ ಹುಳುಗಳ, ಸೋಂಕು ತಗುಲಿತು. ಬಡವರ ರೋಗವಾಗಿ ಉಳಿದಿದ್ದರೆ ಯಾರೂ ಹಣ ಹಾಕುತ್ತಿದ್ದರೋ ಇಲ್ಲವೋ. ಸೈನಿಕರ ರೋಗವಾದಾಗ ಅಲ್ಲಿ ಔಷಧದ ಹುಡುಕಾಟ ಭರದಿಂದ ಶುರುವಾಯಿತು. ಲೆಡರ್ಲಿ ಕಂಪನಿಯ ಪ್ರಯೋಗಾಲಯದಲ್ಲಿ ಹ್ಯೂಯಿಟ್ ಮತ್ತು ಸಂಗಡಿಗರು ಪರೀಕ್ಷೆಗೆ ಆರಿಸಿಕೊಂಡದ್ದು ಅಮೆರಿಕದ ಹತ್ತಿ ಇಲಿಯನ್ನು. ಅದಕ್ಕೆ ಸಹಜವಾಗಿಯೇ ಲಿಟೊಮೊಸಾಯ್ಡಿಸ್ ಎಂಬ ಫೈಲೇರಿಯಾ ಜಾತಿಯ ಹುಳು ಅಂಟಿಕೊಂಡಿರುತ್ತದೆ. ಯಾದಗಿರಿ ಕಡೆಯ ಹತ್ತಿ ಹೊಲಗಳಲ್ಲಿ ಓಡಾಡುವ ಇಲಿಗೂ ಈ ಇಲಿಗೂ ಸಂಬಂಧವಿಲ್ಲ, ಹೆಸರು ಮಾತ್ರ ಹತ್ತಿಯದು. ಆ ಇಲಿಗಳಿಗೆ ಡಿಇಸಿ ಕೊಟ್ಟಾಗ ರಕ್ತದಲ್ಲಿದ್ದ ಮರಿಹುಳುಗಳು ಬೇಗನೆ ಮಾಯವಾದವು. 1947ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಸೋಜಿಗವೆಂದರೆ ಅದೇ ಮರಿಹುಳುಗಳನ್ನು ರಕ್ತದಿಂದ ಹೊರತೆಗೆದು, ತಟ್ಟೆಯಲ್ಲಿ ಡಿಇಸಿಯ ದ್ರಾವಣಕ್ಕೆ ಹಾಕಿದರೆ ಅವು ಏನೂ ಆಗದವರಂತೆ ಈಜಾಡಿಕೊಂಡಿರುತ್ತವೆ. ದೇಹದೊಳಗೆ ನಿಮಿಷಗಳಲ್ಲಿ ಕೆಲಸ ಮಾಡುವ ಔಷಧ ದೇಹದ ಹೊರಗೆ ಕೈಲಾಗದ ಪುಡಿ. ಫ್ರಾಂಕ್ ಹಾಕಿಂಗ್ ಮತ್ತು ಅವರ ಜೊತೆಗಾರರು ಲಂಡನ್ನಿನಲ್ಲಿ ಈ ಒಗಟಿನ ಬೆನ್ನು ಹತ್ತಿದರು. ಇವರು ಖ್ಯಾತ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗರ ತಂದೆ. ಮಗನ ಹೆಸರಿನ ನೆರಳಿನಲ್ಲಿ ತಂದೆಯ ಕೆಲಸ ನಮ್ಮ ವಿದ್ಯಾರ್ಥಿಗಳಿಗೆ ತಿಳಿಯದೇ ಹೋಗಿದೆ ಎಂಬ ಬೇಸರದಿಂದ ಈ ಮಾತು ಹೇಳಿದೆ. ಅವರ 1950ರ ಪ್ರಬಂಧದ ಪ್ರಕಾರ, ಔಷಧ ಕೊಟ್ಟ ಇಲಿಯಲ್ಲಿ ಮರಿಹುಳುಗಳು ರಕ್ತದಿಂದ ಹೋಗಿ ಪಿತ್ತಜನಕಾಂಗದಲ್ಲಿ ಸಿಕ್ಕಿಬೀಳುತ್ತವೆ. ಅಲ್ಲಿ ದೇಹದ್ದೇ ಆದ ಭಕ್ಷಕ ಕೋಶಗಳು ಅವುಗಳನ್ನು ಮುತ್ತಿ ನಾಶಮಾಡುತ್ತವೆ. ಅಂದರೆ ಔಷಧ ಹುಳುವನ್ನು ತಾನೇ ಕೊಲ್ಲುವುದಕ್ಕಿಂತ ಹೆಚ್ಚಾಗಿ ಅದನ್ನು ದೇಹದ ಕಾವಲುಗಾರರಿಗೆ ಹಿಡಿದುಕೊಡುತ್ತದೆ. ಕಸಾಯಿಖಾನೆಯಿಂದ ತಂದ ಹುಳುವನ್ನು ತಟ್ಟೆಯಲ್ಲಿಟ್ಟು ಮಾತ್ರ ಪರೀಕ್ಷಿಸುತ್ತಿದ್ದರೆ, ಮುಂದೆ ಕೋಟ್ಯಂತರ ಜನ ನುಂಗಲಿದ್ದ ಈ ಗುಳಿಗೆಯನ್ನು ಮೊದಲ ದಿನವೇ ಕಸದ ಬುಟ್ಟಿಗೆ ಎಸೆಯುತ್ತಿದ್ದೆವು. ಪ್ರಾಣಿ ಏಕೆ ಬೇಕು ಎಂದು ಕೇಳಿದವರಿಗೆ ನನ್ನ ಬಳಿ ಇರುವ ಅತ್ಯಂತ ಗಟ್ಟಿಯಾದ ಉತ್ತರ ಇದೇ.

ಪರೀಕ್ಷೆ ನಡೆಯುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪತ್ರಿಕೆಗಳಲ್ಲಿ "ಇಲಿಗಳ ಮೇಲೆ ಪ್ರಯೋಗ ಯಶಸ್ವಿ" ಎಂಬ ಒಂದು ಸಾಲಿನಲ್ಲಿ ಇದೆಲ್ಲ ಮುಗಿದುಹೋಗುತ್ತದೆ. ಮೊದಲು ಸೋಂಕು ತಗುಲಿದ ಇಲಿಯ ರಕ್ತವನ್ನು ಸೊಳ್ಳೆಗಳಿಗೆ ಕುಡಿಸಬೇಕು. ಒಂಬತ್ತು ಹತ್ತು ದಿನಗಳಲ್ಲಿ ಸೊಳ್ಳೆಯೊಳಗೆ ಮರಿಹುಳು ಸೋಂಕು ಹರಡಬಲ್ಲ ಹಂತಕ್ಕೆ ಬೆಳೆಯುತ್ತದೆ. ಆ ಸೊಳ್ಳೆಗಳನ್ನು ಮೆಲ್ಲಗೆ ಜಜ್ಜಿ, ಹೊರಬಂದ ಹುಳುಗಳನ್ನು ಸೂಕ್ಷ್ಮದರ್ಶಕದಡಿ ಒಂದೊಂದಾಗಿ ಎಣಿಸಿ, ಸುಮಾರು ನೂರನ್ನು ಒಂದೊಂದು ಇಲಿಯ ಚರ್ಮದಡಿ ಚುಚ್ಚಬೇಕು. ಆಮೇಲೆ ಕಾಯುವುದು. ಹುಳು ಎರಡು ಸಲ ಪೊರೆ ಕಳಚಿ, ಪ್ರಾಯಕ್ಕೆ ಬಂದು, ಜೋಡಿಯಾಗಿ, ಅದರ ಮರಿಗಳು ಇಲಿಯ ರಕ್ತದಲ್ಲಿ ಕಾಣಿಸುವ ಹೊತ್ತಿಗೆ ಮೂರು ತಿಂಗಳು ಕಳೆದಿರುತ್ತದೆ. ಮರಿಗಳ ಸಂಖ್ಯೆ ಏರುತ್ತಿರುವ ಇಲಿಗಳನ್ನು ಆರಿಸಿ, ಐದಾರರ ಗುಂಪುಗಳನ್ನಾಗಿ ಮಾಡಿ, ಒಂದು ಗುಂಪಿಗೆ ಹೊಸ ಸಂಯುಕ್ತ, ಇನ್ನೊಂದಕ್ಕೆ ಗೊತ್ತಿರುವ ಔಷಧ, ಮೂರನೆಯದಕ್ಕೆ ಔಷಧವಿಲ್ಲದ ಬರೀ ದ್ರವ, ಹೀಗೆ ಸಾಮಾನ್ಯವಾಗಿ ಐದು ದಿನ ಕೊಡುತ್ತೇವೆ. ಮುಂದಿನ ಮೂರು ತಿಂಗಳು ನಿಗದಿಯಾದ ದಿನಗಳಲ್ಲಿ ಬಾಲದಿಂದ 10 ಮೈಕ್ರೊಲೀಟರ್ ರಕ್ತ ತೆಗೆದು, ಬಣ್ಣ ಹಾಕಿ, ಮರಿಗಳನ್ನು ಎಣಿಸುತ್ತೇವೆ. ಒಂದೇ ಒಂದು ಸಂಯುಕ್ತದ ಹಣೆಬರಹ ತಿಳಿಯಲು ಅರ್ಧ ವರ್ಷಕ್ಕೂ ಹೆಚ್ಚು ಬೇಕು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ಒಂದು ಸಸ್ಯಸಾರವನ್ನು ಪರೀಕ್ಷಿಸುತ್ತಿದ್ದೆ. ಔಷಧ ಕೊಟ್ಟ ಇಲಿಗಳಲ್ಲಿ ಮರಿಹುಳುಗಳ ಸಂಖ್ಯೆ, ಔಷಧವಿಲ್ಲದ ಗುಂಪಿನ ಅರ್ಧಕ್ಕಿಂತ ಕಡಿಮೆಯಾಗಿತ್ತು. ವಾರದ ನಂತರವೂ ಹಾಗೇ. ಸಂಭ್ರಮದಿಂದ ಮಾರ್ಗದರ್ಶಕರ ಮುಂದೆ ದಾಖಲೆ ಪುಸ್ತಕ ಇಟ್ಟೆ. ಅವರು ಅಂಕಿಗಳನ್ನು ನೋಡಲೇ ಇಲ್ಲ, "ಯಾವ ಗುಂಪಿನ ರಕ್ತ ಎಷ್ಟು ಗಂಟೆಗೆ ತೆಗೆದೆ?" ಎಂದಷ್ಟೇ ಕೇಳಿದರು. ಔಷಧ ಕೊಟ್ಟವುಗಳನ್ನು ಬೆಳಿಗ್ಗೆ ಬಂದ ಕೂಡಲೇ ಮುಗಿಸಿ, ಉಳಿದವನ್ನು ಮಧ್ಯಾಹ್ನ ಊಟಕ್ಕೆ ಮುಂಚೆ ನೋಡುತ್ತಿದ್ದೆ. ಮರಿಹುಳುಗಳ ಏರಿಳಿತ ಇಲಿಯಲ್ಲೂ ಗಡಿಯಾರಕ್ಕೆ ಕಟ್ಟುಬಿದ್ದದ್ದು; ಅದಕ್ಕೆಂದೇ ಎಲ್ಲ ಪ್ರಾಣಿಗಳ ರಕ್ತವನ್ನು ನಡುಹಗಲು ಹನ್ನೆರಡರಿಂದ ಒಂದರೊಳಗೆ ತೆಗೆಯುವ ರೂಢಿಯಿದೆ. "ನಿನ್ನ ಔಷಧ ಶೀಸೆಯಲ್ಲಿಲ್ಲಪ್ಪ, ಗಡಿಯಾರದಲ್ಲಿದೆ" ಎಂದರು. ಒಂದೇ ಹೊತ್ತಿನಲ್ಲಿ ತೆಗೆದು ಎಣಿಸಿದಾಗ ಎರಡು ಗುಂಪುಗಳಿಗೂ ವ್ಯತ್ಯಾಸವೇ ಇರಲಿಲ್ಲ. ಅಂದಿನಿಂದ ಗಾಜಿನ ಪಟ್ಟಿಗಳಿಗೆ ಬೇರೊಬ್ಬರಿಂದ ಗುಟ್ಟಿನ ಸಂಖ್ಯೆ ಹಾಕಿಸಿ, ಯಾವುದು ಯಾವ ಗುಂಪಿನದೆಂದು ನನಗೇ ತಿಳಿಯದಂತೆ ಮಾಡಿಕೊಂಡು ಎಣಿಸತೊಡಗಿದೆ.

ಬೇಸಿಗೆಯ ಮಾತನ್ನೂ ಇಲ್ಲೇ ಸೇರಿಸುತ್ತೇನೆ. ಪ್ರಾಣಿಗಳ ಕೋಣೆಯ ಶಾಖ 22ರಿಂದ 25 ಡಿಗ್ರಿಯಲ್ಲಿರಬೇಕು. ನಮ್ಮ ಭಾಗದಲ್ಲಿ ಮೇ ತಿಂಗಳ ಬಿಸಿಲು ನಲವತ್ತೆರಡನ್ನು ದಾಟುವಾಗ, ಕರೆಂಟು ಹೋಗಿ ಜನರೇಟರೂ ಕೈಕೊಟ್ಟ ಒಂದು ಮಧ್ಯಾಹ್ನ ಸಾಕು, ಇಲಿಗಳು ಮೇವು ಬಿಟ್ಟು ಸೊರಗುತ್ತವೆ. ಸೊರಗಿದ ಇಲಿಯ ರೋಗನಿರೋಧಕ ಶಕ್ತಿಯೂ ಬದಲಾಗುತ್ತದೆ, ಅದರೊಂದಿಗೆ ಹುಳುವಿನ ಪಾಡೂ. ಬಿಸಿಲಿನ ಪರಿಣಾಮವನ್ನು ಔಷಧದ ಪರಿಣಾಮವೆಂದು ಬರೆದುಕೊಳ್ಳುವ ಅಪಾಯ ನಮ್ಮಂಥ ಊರುಗಳಲ್ಲಿ ಹೆಚ್ಚು.

ಕೊನೆಯ ದಿನ ಇಲಿಯನ್ನು ನೋವಾಗದಂತೆ ಕೊಂದು, ಹೃದಯ, ಶ್ವಾಸಕೋಶ, ದುಗ್ಧಗ್ರಂಥಿ, ವೃಷಣಗಳನ್ನು ಬಿಡಿಸಿ ಪ್ರಾಯದ ಹುಳುಗಳನ್ನು ಹುಡುಕಿ ತೆಗೆಯುತ್ತೇವೆ. ಎಷ್ಟು ಬದುಕಿವೆ, ಎಷ್ಟು ಸತ್ತು ಸುಣ್ಣಗಟ್ಟಿವೆ ಎಂಬ ಲೆಕ್ಕ ಒಂದು. ಅದಕ್ಕಿಂತ ನಾಜೂಕಾದದ್ದು ಬದುಕಿರುವ ಹೆಣ್ಣು ಹುಳುವಿನ ಗರ್ಭಕೋಶವನ್ನು ಸೀಳಿ ಒಳಗಿರುವುದನ್ನು ನೋಡುವುದು. ಆರೋಗ್ಯವಂತ ಹುಳುವಿನಲ್ಲಿ ಮೊಟ್ಟೆಯಿಂದ ಹಿಡಿದು, ಸುರುಳಿ ಸುತ್ತಿಕೊಂಡ ಭ್ರೂಣ, ಮೈಚಾಚಿದ ಮರಿಯವರೆಗೆ ಎಲ್ಲ ಹಂತಗಳೂ ಸಾಲಾಗಿ ಕಾಣುತ್ತವೆ. ಕೆಲವು ಔಷಧಗಳಲ್ಲಿ ಹುಳು ಸಾಯುವುದಿಲ್ಲ, ಆದರೆ ಒಳಗೆ ಮುದುಡಿದ, ಒಡೆದ ಮೊಟ್ಟೆಗಳಷ್ಟೇ ಉಳಿದಿರುತ್ತವೆ, ಹುಳು ಬಂಜೆಯಾಗಿದೆ. ರೋಗ ಹರಡುವುದನ್ನು ನಿಲ್ಲಿಸಲು ಅದೂ ಸಾಕು. ಬರೀ ಸತ್ತ ಹುಳುಗಳನ್ನು ಎಣಿಸುವವನಿಗೆ ಇಂಥ ಔಷಧ ಕಾಣುವುದೇ ಇಲ್ಲ.

ಹೀಗೆ ಬಂಜೆಯಾಗಿಸುವ ಔಷಧಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಟೆಟ್ರಾಸೈಕ್ಲಿನ್ ಗುಂಪಿನದು. ಇದು ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ಹಳೆಯ ಮದ್ದು. ಹುಳುವಿಗೂ ಇದಕ್ಕೂ ಏನು ನಂಟು? ಹಲವು ಫೈಲೇರಿಯಾ ಹುಳುಗಳ ಒಡಲಿನಲ್ಲಿ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ವಾಸವಾಗಿದೆ, ಅದಿಲ್ಲದೆ ಆ ಹುಳುಗಳ ಸಂತಾನ ಬೆಳೆಯದು. ಲಿಟೊಮೊಸಾಯ್ಡಿಸ್ ಹುಳುವಿರುವ ಪ್ರಾಣಿಗಳಿಗೆ ಟೆಟ್ರಾಸೈಕ್ಲಿನ್ ಕೊಟ್ಟಾಗ ಹುಳುಗಳು ಕುಗ್ಗಿ ಬಂಜೆಯಾದವು. ಔಷಧ ಹುಳುವಿನ ಮೇಲೆ ನೇರವಾಗಿ ಕೆಲಸ ಮಾಡಿತೋ ಬ್ಯಾಕ್ಟೀರಿಯಾದ ಮೂಲಕವೋ ಎಂದು ತಿಳಿಯುವುದು ಹೇಗೆ? ಪ್ರಕೃತಿಯೇ ಒಂದು ಹೋಲಿಕೆಯನ್ನು ಒದಗಿಸಿತ್ತು. ಅಕಾಂಥೊಕೀಲೊನೀಮಾ ವಿಟಿಯೆ ಎಂಬ ಇನ್ನೊಂದು ಫೈಲೇರಿಯಾ ಹುಳುವಿನಲ್ಲಿ ವೊಲ್ಬಾಕಿಯಾ ಇಲ್ಲ. ಅದಕ್ಕೆ ಅದೇ ಔಷಧ ಕೊಟ್ಟರೆ ಏನೂ ಆಗಲಿಲ್ಲ. ಈ ಜಾಡಿನಲ್ಲಿ ನಡೆದ ಕೆಲಸದಿಂದ, ಡಾಕ್ಸಿಸೈಕ್ಲಿನ್ ಗುಳಿಗೆಯನ್ನು ನಾಲ್ಕರಿಂದ ಎಂಟು ವಾರ ಕೊಟ್ಟರೆ ಮನುಷ್ಯನಲ್ಲೂ ಹುಳು ಬಂಜೆಯಾಗಿ ಕ್ರಮೇಣ ಸಾಯುತ್ತದೆ ಎಂದು ತಿಳಿದುಬಂತು. ಆದರೆ ಅಷ್ಟು ವಾರ ದಿನವೂ ಗುಳಿಗೆಯನ್ನು ಊರೂರಿಗೆ ನುಂಗಿಸುವುದು ಆಗದ ಮಾತು. ಗರ್ಭಿಣಿಯರಿಗೂ ಎಳೆಯ ಮಕ್ಕಳಿಗೂ ಅದು ಸಲ್ಲದು.

ಐವರ್ಮೆಕ್ಟಿನ್ ವಿಚಾರವನ್ನು ಚುಟುಕಾಗಿ ಹೇಳುತ್ತೇನೆ. ಜಪಾನಿನ ಸಟೋಶಿ ಒಮುರಾ ಮಣ್ಣಿನಿಂದ ಬೇರ್ಪಡಿಸಿ ಕಳಿಸಿದ ಸೂಕ್ಷ್ಮಜೀವಿಯ ಕಷಾಯವನ್ನು, ಕರುಳುಹುಳುವಿದ್ದ ಸುಂಡಿಲಿಯ ಮೇವಿಗೆ ಬೆರೆಸಿ ನೋಡಿದ್ದು ಅಮೆರಿಕದ ಮರ್ಕ್ ಕಂಪನಿಯಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ಅವರಿದ್ದ ತಂಡ. ಇಬ್ಬರಿಗೂ 2015ರಲ್ಲಿ ನೊಬೆಲ್ ಬಂತು. ಇಲಿಯ ಕರುಳುಹುಳುವಿಗೂ ಮನುಷ್ಯನ ಫೈಲೇರಿಯಾಕ್ಕೂ ಎಷ್ಟೋ ದೂರ. ಆದರೂ ಉತ್ತರ ಸಿಕ್ಕಿತು. ಬದಲಿ ಪ್ರಾಣಿ, ಬದಲಿ ಹುಳು ಎಂದು ಆಗ ಹಗುರವಾಗಿ ಮಾತಾಡಿದ್ದಕ್ಕೆ ಇದು ನನಗೇ ತಿರುಗುಬಾಣ.

ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲಿ ಸೋತ ಕಥೆಯೂ ಬೇಕು. ಫ್ಲುಬೆಂಡಜೋಲ್ ಎಂಬ ಔಷಧವನ್ನು ಸೂಜಿಯಿಂದ ಕೊಟ್ಟಾಗ ಪ್ರಯೋಗದ ಪ್ರಾಣಿಗಳಲ್ಲಿ ಪ್ರಾಯದ ಹುಳುಗಳು ಹೇಳಹೆಸರಿಲ್ಲದಂತೆ ಸತ್ತವು. ಮನುಷ್ಯರಲ್ಲೂ ಹುಳುವಿನ ಮೇಲೆ ಪರಿಣಾಮ ಕಂಡಿತು. ಆದರೆ ಚುಚ್ಚಿದ ಜಾಗದಲ್ಲಿ ತಡೆಯಲಾರದ ಉರಿಯೂತ. ಬಾಯಿಯಿಂದ ಕೊಟ್ಟರೆ ಕರುಳು ಅದನ್ನು ಹೀರಿಕೊಳ್ಳುವುದೇ ಕಡಿಮೆ. ಹೀರುವಂತೆ ಹೊಸ ರೂಪ ಕೊಟ್ಟಾಗ ವಿಷಗುಣದ ಭಯ ಎದುರಾಗಿ ಕೆಲಸ ನಿಂತಿತು. ಇಲಿ ಸುಳ್ಳು ಹೇಳಿರಲಿಲ್ಲ. "ಹುಳು ಸಾಯುತ್ತದೆಯೇ?" ಎಂದು ಕೇಳಿದೆವು, ಸಾಯುತ್ತದೆ ಎಂದಿತು. ಮನುಷ್ಯನ ತೋಳು ಅದನ್ನು ತಾಳುತ್ತದೆಯೇ ಎಂದು ಅದಕ್ಕೆ ಕೇಳಿರಲಿಲ್ಲ.

ಒಂದು ಪ್ರಾಣಿಯ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ ಎಂಬುದನ್ನು ಅರಿಯಲು ಪ್ರಯೋಗಾಲಯಕ್ಕೇ ಹೋಗಬೇಕಾಗಿಲ್ಲ. ಡೆಕ್ಕನಿ ಕುರಿ, ಉಸ್ಮಾನಾಬಾದಿ ಆಡುಗಳನ್ನು ಒಂದೇ ದೊಡ್ಡಿಯಲ್ಲಿ ಸಾಕುವ ನಮ್ಮ ಬೀದರ್ ಕಡೆಯ ರೈತರು, ಒಂದೇ ಶೀಸೆಯಿಂದ ಒಂದೇ ಅಳತೆಯಲ್ಲಿ ಎರಡಕ್ಕೂ ಆಲ್ಬೆಂಡಜೋಲ್ ಕುಡಿಸುತ್ತಾರೆ. ಆಡಿನ ದೇಹ ಆ ಔಷಧವನ್ನು ಬೇಗ ಕರಗಿಸಿ ಹೊರಹಾಕುತ್ತದೆ. ಅದೇ ತೂಕದ ಕುರಿಗಿಂತ ಒಂದೂವರೆಯಿಂದ ಎರಡು ಪಟ್ಟು ಬೇಕು. ಅಕ್ಕಪಕ್ಕದಲ್ಲಿ ಮೇಯುವ ಕುರಿ ಮತ್ತು ಆಡಿನ ನಡುವೆಯೇ ಇಷ್ಟು ಅಂತರವಿದ್ದರೆ ಇಲಿಗೂ ಮನುಷ್ಯನಿಗೂ ಎಷ್ಟಿರಬೇಕು? ಇಲಿಯ ಪ್ರತಿ ಕಿಲೋ ತೂಕಕ್ಕೆ ಕೊಟ್ಟ ಪ್ರಮಾಣವನ್ನು ಮನುಷ್ಯನಿಗೆ ಪರಿವರ್ತಿಸುವಾಗ ಸುಮಾರು ಆರರಿಂದ ಭಾಗಿಸುತ್ತಾರೆ, ಸುಂಡಿಲಿಯದಾದರೆ ಹನ್ನೆರಡರಿಂದ. ಅದೂ ಆರಂಭದ ಅಂದಾಜು ಮಾತ್ರ.

ಪ್ರಾಣಿಗಳ ಪರವಾಗಿ ಕಾನೂನು ಏನು ಹೇಳುತ್ತದೆ ಎಂದು ಒಬ್ಬ ವಿದ್ಯಾರ್ಥಿನಿ ಚೀಟಿ ಕಳಿಸಿದ್ದಾಳೆ. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಕೇಂದ್ರದ ಸಮಿತಿಯಿದೆ, 1998ರ ನಿಯಮಗಳಿವೆ. ಪ್ರತಿ ಸಂಸ್ಥೆಯಲ್ಲೂ ನೈತಿಕ ಸಮಿತಿಯೊಂದು ಒಪ್ಪದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಸಾಧ್ಯವಾದಲ್ಲಿ ಪ್ರಾಣಿಯ ಬದಲು ಬೇರೆ ವಿಧಾನ, ಆಗದಿದ್ದರೆ ಕಡಿಮೆ ಸಂಖ್ಯೆ, ಕಡಿಮೆ ನೋವು ಎಂಬ ಸೂತ್ರವನ್ನು ರಸೆಲ್ ಮತ್ತು ಬರ್ಚ್ 1959ರಲ್ಲೇ ಹೇಳಿದರು. 2023ರಲ್ಲಿ ನಮ್ಮ ಹೊಸ ಔಷಧ ನಿಯಮಗಳಿಗೆ ತಿದ್ದುಪಡಿಯಾಗಿ, ಕೋಶ ಮತ್ತು ಕಂಪ್ಯೂಟರ್ ಆಧಾರಿತ ವಿಧಾನಗಳಿಗೂ ಜಾಗ ಸಿಕ್ಕಿದೆ. ನಾನು ಇದನ್ನು ಸ್ವಾಗತಿಸುತ್ತೇನೆ. ಆದರೆ ಸಂಖ್ಯೆ ತಗ್ಗಿಸುವ ಹುಮ್ಮಸ್ಸಿನಲ್ಲಿ ಗುಂಪಿಗೆ ಎರಡೇ ಇಲಿ ಇಟ್ಟು, ಏನನ್ನೂ ಹೇಳಲಾಗದ ಫಲಿತಾಂಶ ಪಡೆದರೆ, ಆ ಎರಡು ಇಲಿಗಳು ಸುಮ್ಮನೆ ಸತ್ತಂತಾಗುತ್ತದೆ. ನನ್ನ ಕಣ್ಣಿಗೆ ಅದೇ ಹೆಚ್ಚಿನ ಹಿಂಸೆ.

ಇಷ್ಟೆಲ್ಲ ಆದ ಮೇಲೂ ಪ್ರಾಯದ ಹುಳುವನ್ನು ಒಂದೇ ಸಲಕ್ಕೆ ಖಚಿತವಾಗಿ ಕೊಲ್ಲುವ, ಎಲ್ಲರಿಗೂ ಕೊಡಬಹುದಾದ ಗುಳಿಗೆ ನಮ್ಮ ಬಳಿ ಇಲ್ಲ. ಅದಕ್ಕೇ ವರ್ಷ ವರ್ಷವೂ ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಗುಳಿಗೆ ನುಂಗಿಸುವುದು. ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಶಿಫಾರಸು ಮಾಡಿತು. ಅದು ಸುರಕ್ಷಿತವೇ ಎಂಬ ಸಮುದಾಯ ಮಟ್ಟದ ಅಧ್ಯಯನ ಭಾರತದಲ್ಲಿ ನಡೆದದ್ದು ನಮ್ಮ ಪಕ್ಕದ ಯಾದಗಿರಿ ಜಿಲ್ಲೆಯಲ್ಲಿ. ಅದರ ವರದಿ 2021ರಲ್ಲಿ ಪ್ರಕಟವಾಯಿತು. ಹತ್ತಿ ಇಲಿಯಿಂದ ಹೊರಟ ಪ್ರಶ್ನೆಯ ಕೊನೆಯ ಭಾಗಕ್ಕೆ ಉತ್ತರ ಕೊಟ್ಟವರು ಹತ್ತಿ ಬೆಳೆಯುವ ಆ ನೆಲದ ಜನ.

ಪ್ರಶ್ನೋತ್ತರದಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ, "ಸರ್, ಆ ಇಲಿಗೆ ಕಾಲು ಬಾಯ್ತದೇನ್ರಿ?" ಎಂದು ಕೇಳಿದ. ಎಲ್ಲರೂ ನಕ್ಕರು, ಆದರೆ ಅಂದಿನ ಪ್ರಶ್ನೆಗಳಲ್ಲಿ ಅದೇ ಹರಿತವಾದದ್ದು. ಮ್ಯಾಸ್ಟೊಮಿಸ್ ಇಲಿಯಲ್ಲಿ ಮನುಷ್ಯನಂತೆ ಕಾಲು ಬಾಯುವುದಿಲ್ಲ. ಬೆಕ್ಕು, ಫೆರೆಟ್, ರೋಗನಿರೋಧಕ ಶಕ್ತಿಯಿಲ್ಲದಂತೆ ಬೆಳೆಸಿದ ವಿಶೇಷ ತಳಿಯ ಸುಂಡಿಲಿ, ಇಂಥ ಕೆಲವು ಪ್ರಾಣಿಗಳಲ್ಲಿ ಬಾವು ಕಾಣಬಹುದು. ಆದರೆ ಔಷಧಗಳ ದೈನಂದಿನ ಪರೀಕ್ಷೆ ನಡೆಯುವುದು ಅವುಗಳಲ್ಲಲ್ಲ. ನಾವು ಎಣಿಸುವುದು ಹುಳುವನ್ನು, ಕಾಲನ್ನು ಅಳೆಯುವುದಿಲ್ಲ. ಕೆಲವು ವರ್ಷಗಳ ಹಿಂದೆ ಗುಳಿಗೆ ಹಂಚುವವರ ಜೊತೆ ಚಿತ್ತಾಪುರ ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದಾಗ ಒಬ್ಬ ಅಜ್ಜಿ, "ಯಪ್ಪಾ, ಈ ಗುಳಿಗಿ ನುಂಗಿದ್ರ ನನ್ನ ಕಾಲು ಸಣ್ಣ ಆಗ್ತದೇನು?" ಎಂದು ಕೇಳಿದ್ದರು. ಇಪ್ಪತ್ತು ವರ್ಷ ಬಾತು ಗಟ್ಟಿಯಾದ ಕಾಲು. ಇಲ್ಲಮ್ಮ, ಇದು ನಿಮ್ಮ ಮೊಮ್ಮಕ್ಕಳಿಗೆ ಈ ರೋಗ ಬಾರದಂತೆ ನೋಡಿಕೊಳ್ಳುವ ಗುಳಿಗೆ ಎಂದೆ. ಕಾಲಿಗೆ ಬೇಕಾದದ್ದು ದಿನಾ ಸೋಪು ಹಚ್ಚಿ ತಿಳಿನೀರಿನಲ್ಲಿ ತೊಳೆಯುವುದು, ಬೆರಳ ಸಂದಿಗಳನ್ನು ಮೆತ್ತಗಿನ ಅರಿವೆಯಿಂದ ಒರೆಸಿ ಒಣಗಿಸುವುದು, ಬಿರುಕಿಗೆ ಮುಲಾಮು, ಕುಳಿತಾಗ ಕಾಲನ್ನು ಎತ್ತರದಲ್ಲಿಡುವುದು. ಇಷ್ಟರಿಂದ ಮತ್ತೆ ಮತ್ತೆ ಜ್ವರದೊಂದಿಗೆ ಕೆರಳುವ ನೋವು ತಗ್ಗುತ್ತದೆ. ಅಜ್ಜಿ ಗುಳಿಗೆಯನ್ನು ನುಂಗಿ, ಮೊಮ್ಮಗನನ್ನು ಕರೆದು ತಂಬಿಗೆ ನೀರು ತರಲು ಹೇಳಿದರು.